ಯಾವ ಹಳೇ ಚಿಪ್ ಇಟ್ಟುಕೊಳ್ಳೋದು, ಯಾವುದನ್ನು ಬಿಡೋದು

ನಾವು ನಾಲ್ಕೈದು ಜನ ಸೇರಿ ಒಂದು ಡಿಬಗ್ಗರ್ ನೋಡಿಕೊಳ್ಳುತ್ತೇವೆ, ಅಂದರೆ ಓಡುತ್ತಿರುವ ಪ್ರೋಗ್ರಾಂ ನಿಲ್ಲಿಸಿ, ಒಳಗೆ ಏನಾಗುತ್ತಿದೆ ಅಂತ ನೋಡಿ ತಪ್ಪು ಹುಡುಕುವ ಸಾಫ್ಟ್‌ವೇರ್. ದೊಡ್ಡ ಸಾಹಸ ಏನಲ್ಲ. ಒಳಗೆ ಕೂತಿರೋದು ಈ ಕೆಲಸದವರಿಗೆಲ್ಲ ಗೊತ್ತಿರುವ ಜಿಡಿಬಿ ಅನ್ನೋ ಡಿಬಗ್ಗರೇ. ಅದರ ಮೇಲೆ ನಮ್ಮದೊಂದು ಪರದೆ, ಕೆಳಗೆ ಚಿಪ್ ಜೊತೆ ಮಾತಾಡುವ ನಮ್ಮದೇ ಒಂದು ಸರ್ವರ್ ಪ್ರೋಗ್ರಾಂ. ನಾನು ಚಿಕ್ಕಬಳ್ಳಾಪುರದ ಮನೆಯಲ್ಲಿ ಕೂತು ಈ ಸರ್ವರ್ ಭಾಗ ಬರೆಯುತ್ತೇನೆ, ಉಳಿದವರು ಬೆಂಗಳೂರಲ್ಲಿದ್ದಾರೆ. ಎಲ್ಲರಿಗೂ ಸಂಬಳದ ಕೆಲಸ ಬೇರೆ ಇದೆ. ಹಾಗಾಗಿ ಟೈಮ್ ಯಾವಾಗಲೂ ಕಮ್ಮಿ, ಕೆಲಸ ಯಾವಾಗಲೂ ಜಾಸ್ತಿ.

ಮುಂದಿನ ರಿಲೀಸ್‌ಗೆ ಮುಂಚೆ ಒಂದು ವಿಷಯ ತೀರ್ಮಾನ ಆಗಲೇಬೇಕಿತ್ತು. ಇಷ್ಟು ವರ್ಷ ಸೇರಿಸುತ್ತಾ ಬಂದ ಹಳೇ ಹಾರ್ಡ್‌ವೇರ್‌ಗಳಲ್ಲಿ ಯಾವುದಕ್ಕೆ ಸಪೋರ್ಟ್ ಮುಂದುವರಿಸೋದು, ಯಾವುದಕ್ಕೆ ಕೈಮುಗಿದು ಬೀಳ್ಕೊಡೋದು? ಪಟ್ಟಿ ಹೀಗಿತ್ತು: 8051, ಎಲ್‌ಪಿಸಿ2148 ರೀತಿಯ ಆರ್ಮ್7 ಚಿಪ್‌ಗಳು, ಎವಿಆರ್, ಮಿಪ್ಸ್ (ಈ ನಾಲ್ಕೂ ಚಿಪ್ ಜಾತಿಗಳು), ಕಂಪ್ಯೂಟರಿನ ಹಿಂದೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಹಳೇ ಜೆಟ್ಯಾಗ್ ಕೇಬಲ್ (ಜೆಟ್ಯಾಗ್ ಅಂದರೆ ಚಿಪ್ ಒಳಗೆ ಇಣುಕೋಕೆ ಇರುವ ತಂತಿ ಸಂಪರ್ಕ), ಕೊನೆಗೆ 32 ಬಿಟ್ ಪಿಸಿಗಳ ಮೇಲೆ ಓಡುವ ನಮ್ಮದೇ ಪ್ರೋಗ್ರಾಂ.

ಮೊದಲು ಬಂದ ಸಲಹೆ ತುಂಬಾ ಸರಳ. ಹತ್ತು ವರ್ಷಕ್ಕಿಂತ ಹಳೇದೆಲ್ಲ ತೆಗೆದುಬಿಡೋಣ, ಅಷ್ಟೇ. ಕೇಳೋಕೆ ಚೆನ್ನಾಗಿದೆ. ದೊಡ್ಡವರೆಲ್ಲ ಹೀಗೇ ಮಾಡುತ್ತಾರೆ ಕೂಡ. ವಿಂಡೋಸ್ 11 ಬಂದಾಗ ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಿಂದಿನ ಪ್ರಾಸೆಸರ್‌ಗಳನ್ನು ಹೆಚ್ಚುಕಮ್ಮಿ ಪೂರ್ತಿ ಹೊರಗಿಟ್ಟರು, ಅಂದರೆ 2017ಕ್ಕಿಂತ ಹಿಂದಿನವು. 2025ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10ಕ್ಕೆ 2013ರ ಹ್ಯಾಸ್‌ವೆಲ್ ಮಟ್ಟದ ಪ್ರಾಸೆಸರ್ ಆದರೂ ಬೇಕು, ಅದಕ್ಕಿಂತ ಕೆಳಗಿನದ್ದು ನಡೆಯಲ್ಲ. ವಯಸ್ಸು ನೋಡಿ ಗೆರೆ ಎಳೆಯೋದರಲ್ಲಿ ಒಂದು ಅನುಕೂಲ ಇದೆ, ಯಾರೂ ಜಗಳ ಆಡೋಕಾಗಲ್ಲ.

ನಾನು ಆಡಿದೆ. ಡಿಬಗ್ಗರ್ ವಿಷಯದಲ್ಲಿ ವಯಸ್ಸಿನ ಲೆಕ್ಕ ತಲೆಕೆಳಗು ಅನ್ನೋದು ನನ್ನ ವಾದ.

ಹೊಸ ಚಿಪ್ ಮೇಲೆ ಹೊಸ ಪ್ರೋಗ್ರಾಂ ಬರೆಯುವವನಿಗೆ ಡಿಬಗ್ಗರ್ ಇಲ್ಲದಿದ್ದರೂ ಜೀವನ ನಡೆಯುತ್ತದೆ. ಕೋಡ್ ಬರೆದವನು ಅವನೇ. ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬ ಬರೆದವನು ಕೂತಿರುತ್ತಾನೆ. ನಾಲ್ಕು ಕಡೆ ಪ್ರಿಂಟ್ ಸಾಲು ಹಾಕಿದರೆ ಎಲ್ಲಿ ಎಡವಿತು ಅಂತ ಗೊತ್ತಾಗುತ್ತದೆ. ಹಳೇ ಬೋರ್ಡ್ ಹಾಗಲ್ಲ. ಅದರ ಕೋಡ್ ಬರೆದವನು ಕೆಲಸ ಬಿಟ್ಟು ಎಷ್ಟೋ ಕಾಲ ಆಗಿದೆ, ಸೋರ್ಸ್ ಅರ್ಧ ಇದೆ ಅರ್ಧ ಇಲ್ಲ, ಇರೋ ಅರ್ಧವೂ ಬೋರ್ಡಿನಲ್ಲಿ ಓಡುತ್ತಿರುವುದೇ ಹೌದಾ ಅಂತ ಗ್ಯಾರಂಟಿ ಇಲ್ಲ. ಅಲ್ಲಿ ಚಿಪ್ ಒಳಗೆ ಇಣುಕಿ ನೋಡುವುದು ಬಿಟ್ಟರೆ ಬೇರೆ ದಾರಿಯೇ ಇಲ್ಲ. ಅಂದರೆ ಡಿಬಗ್ಗರ್ ಅತಿ ಜಾಸ್ತಿ ಬೇಕಾಗಿರುವ ಜಾಗದಿಂದಲೇ ನಾವು ಅದನ್ನು ಮೊದಲು ಕಿತ್ತುಕೊಳ್ಳುತ್ತಿದ್ದೇವೆ.

ಇದು ಬೆಂಗಳೂರಿನ ಆಫೀಸಲ್ಲಿ ಕೂತರೆ ಅಷ್ಟಾಗಿ ಕಾಣಲ್ಲ. ನಮ್ಮ ಕಡೆ ಕಾಣುತ್ತದೆ. ಚಿಂತಾಮಣಿ, ಶಿಡ್ಲಘಟ್ಟ, ಶ್ರೀನಿವಾಸಪುರದ ಕಡೆಯ ಹಳ್ಳಿಗಳಲ್ಲಿ ಬೆಳಿಗ್ಗೆ ಸಾಯಂಕಾಲ ಡೈರಿಗೆ ಹಾಲು ಹಾಕುವವರ ಸಾಲು ನೋಡಿ. ಕ್ಯಾನ್ ತೂಕ ಆಗುತ್ತದೆ, ಮೆಷಿನ್ ಫ್ಯಾಟ್ ಎಷ್ಟು ಅಂತ ತೋರಿಸುತ್ತದೆ, ಚೀಟಿ ಬರುತ್ತದೆ. ಆ ಮೆಷಿನ್ ಒಳಗೆ ಒಂದು ಬೋರ್ಡ್. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳ ಮೋಟರ್ ಹಾಕೋಕೆ ತೋಟದಲ್ಲಿ ಮೊಬೈಲ್ ಸ್ಟಾರ್ಟರ್ ಇರುತ್ತದಲ್ಲ, ಅದರ ಡಬ್ಬಿಯೊಳಗೂ ಒಂದು ಬೋರ್ಡ್. ರೇಷ್ಮೆ ನೂಲು ತೆಗೆಯುವ ಕಡೆಯೂ ಟೆಂಪರೇಚರ್ ನೋಡುವ ಡಬ್ಬಿಗಳಿವೆ. ಇವನ್ನು ಬಿಚ್ಚಿ ನೋಡಿದರೆ ನನ್ನ ಕಣ್ಣಿಗೆ ಬಿದ್ದಿರೋದು ಬಹುಪಾಲು 8051 ಜಾತಿಯ ಚಿಪ್, ಇಲ್ಲ ಎವಿಆರ್ ಜಾತಿಯ ಎಟಿಮೆಗಾ, ಆಗೊಂದು ಈಗೊಂದು ಎಲ್‌ಪಿಸಿ2148. 8051 ಅನ್ನು ಇಂಟೆಲ್ ಹೊರತಂದದ್ದು 1980ರಲ್ಲಿ. ಇಲ್ಲಿ ಅದಕ್ಕಿನ್ನೂ ರಿಟೈರ್ಮೆಂಟ್ ಆಗಿಲ್ಲ.

ಚಿಂತಾಮಣಿಯಲ್ಲಿ ಇಂಥ ಬೋರ್ಡ್ ರಿಪೇರಿ ಮಾಡುವ ಒಬ್ಬರಿದ್ದಾರೆ. ನಾನು ಅಣ್ಣ ಅಂತೀನಿ, ಅವರು ನನ್ನನ್ನು ಸಾರ್ ಅಂತಾರೆ, ಬೇಡ ಅಂದರೂ ಬಿಡಲ್ಲ. ಮಾತು ಕನ್ನಡದಲ್ಲಿ ಶುರುವಾಗಿ ರೇಗಿದಾಗ ತೆಲುಗಿಗೆ ಹೋಗುತ್ತದೆ. ಆರ್ಮ್7 ತೆಗೆದುಬಿಡುವ ಯೋಚನೆ ಇದೆ, ಹೊಸ ಬೋರ್ಡ್ ಹಾಕಿಸಬಹುದಲ್ಲ ಅಣ್ಣ ಅಂದೆ. "ಹೊಸದು ಹಾಕಿ ಅಂತ ಹೇಳೋಕೆ ನಿಮಗೇನು ಸಾರ್, ಸೊಸೈಟಿಯವರು ದುಡ್ಡು ಬಿಚ್ಚಬೇಕಲ್ಲ" ಅಂದರು. ಸರಿಯೇ. ಒಂದು ಸಣ್ಣ ತಪ್ಪಿಗೆ ಇಡೀ ಮೆಷಿನ್ ಬದಲಿಸಿ ಅನ್ನೋದು ಯಾವ ನ್ಯಾಯ?

ಹಾಗಂತ ಎಲ್ಲವನ್ನೂ ಇಟ್ಟುಕೊಳ್ಳೋಣ ಅನ್ನೋದೂ ನನ್ನ ವಾದ ಅಲ್ಲ. ಇಟ್ಟುಕೊಳ್ಳೋದಕ್ಕೆ ಎಷ್ಟು ಖರ್ಚು ಅಂತ ಹೊರಗಿನವರಿಗೆ ಗೊತ್ತಾಗಲ್ಲ. "ಇಷ್ಟು ವರ್ಷ ನಡೆದಿದೆ, ಹಾಗೇ ಬಿಡಿ, ಏನು ಕಷ್ಟ?" ಅಂತ ಕೇಳುತ್ತಾರೆ. ಕಷ್ಟ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಲ್ಲಿಂದ ಮುಂದೆ ಸ್ವಲ್ಪ ದೂರ ಟೆಕ್ನಿಕಲ್, ಬೇಡವಾದವರು ಹಾರಿಕೊಂಡು ಹೋಗಿ.

ಡಿಬಗ್ಗರ್‌ನ ಮೂಲ ಕೆಲಸ ಪ್ರೋಗ್ರಾಂ ಅನ್ನು ಬೇಕಾದ ಜಾಗದಲ್ಲಿ ನಿಲ್ಲಿಸೋದು, ಅಂದರೆ ಬ್ರೇಕ್‌ಪಾಯಿಂಟ್. ನಿಮ್ಮ ಲ್ಯಾಪ್‌ಟಾಪಿನ ಎಕ್ಸ್86 ಪ್ರಾಸೆಸರ್‌ನಲ್ಲಿ ಇದು ಸಲೀಸು. ಆ ಜಾಗದ ಒಂದು ಬೈಟ್ ತೆಗೆದು ಅಲ್ಲಿ ಸಿಸಿ ಅನ್ನೋ ಹೆಕ್ಸ್ (ಹದಿನಾರರ ಲೆಕ್ಕದ) ಬೈಟ್ ಬರೆದರೆ ಆಯಿತು, ಪ್ರಾಸೆಸರ್ ಅಲ್ಲಿಗೆ ಬಂದು ನಿಲ್ಲುತ್ತದೆ. ಇದಲ್ಲದೆ ನಾಲ್ಕು ವಿಳಾಸಗಳನ್ನು ಗುರುತಿಟ್ಟುಕೊಳ್ಳೋಕೆ ಹಾರ್ಡ್‌ವೇರ್‌ನಲ್ಲೇ ಡಿಬಗ್ ರಿಜಿಸ್ಟರ್‌ಗಳಿವೆ, ರಿಜಿಸ್ಟರ್ ಅಂದರೆ ಪ್ರಾಸೆಸರ್ ಒಳಗಿನ ಪುಟ್ಟ ಮೆಮೊರಿ. ಇವು 1985ರ ಇಂಟೆಲ್ 386 ಪ್ರಾಸೆಸರ್‌ನಲ್ಲಿ ಬಂದವು, ಇವತ್ತಿಗೂ ನಾಲ್ಕೇ.

ಮೈಕ್ರೋಕಂಟ್ರೋಲರ್‌ನಲ್ಲಿ, ಅಂದರೆ ಇಂಥ ಬೋರ್ಡ್‌ಗಳ ಸಣ್ಣ ಚಿಪ್‌ನಲ್ಲಿ, ಕೋಡ್ ಇರೋದು ಫ್ಲ್ಯಾಶ್‌ನಲ್ಲಿ, ಕರೆಂಟ್ ಹೋದರೂ ಅಳಿಯದ ಮೆಮೊರಿಯಲ್ಲಿ. ಮನಸ್ಸು ಬಂದ ಹಾಗೆ ಒಂದು ಬೈಟ್ ಬದಲಿಸೋಕಾಗಲ್ಲ. ಅದಕ್ಕೇ ಚಿಪ್ ಒಳಗೆ ವಿಳಾಸ ಹೋಲಿಸಿ ನೋಡುವ ಸರ್ಕ್ಯೂಟ್ ಇಟ್ಟಿರುತ್ತಾರೆ. ಆರ್ಮ್7ರ ನಂತರ ಬಂದ ಆರ್ಮ್ ಚಿಪ್ ಕಾರ್ಟೆಕ್ಸ್-ಎಂ3ಯಲ್ಲಿ ಸಾಮಾನ್ಯವಾಗಿ ಕೋಡ್ ನಿಲ್ಲಿಸೋಕೆ ಆರು, ಡೇಟಾ ಮೇಲೆ ಕಣ್ಣಿಡೋಕೆ ನಾಲ್ಕು. ಇನ್ನೂ ದೊಡ್ಡ ಅನುಕೂಲ ಅಂದರೆ ಕಾರ್ಟೆಕ್ಸ್-ಎಂ ಚಿಪ್‌ಗಳಲ್ಲಿ ಡಿಬಗ್ಗರ್‌ಗೆ ಮೆಮೊರಿಗೆ ಹೋಗೋಕೆ ಬೇರೆಯದೇ ಬಾಗಿಲಿದೆ. ಪ್ರಾಸೆಸರ್ ತನ್ನ ಪಾಡಿಗೆ ಓಡುತ್ತಿರುವಾಗಲೇ ಮೆಮೊರಿ ಓದಬಹುದು.

ಆರ್ಮ್7ಗೆ ಆ ಬಾಗಿಲು ಇಲ್ಲ. ಅದರ ಒಳಗಿನ ಎಂಬೆಡೆಡ್‌ಐಸ್ ಅನ್ನೋ ಡಿಬಗ್ ಸರ್ಕ್ಯೂಟ್‌ನಲ್ಲಿ ಬರೀ ಎರಡು ವಾಚ್‌ಪಾಯಿಂಟ್ ಘಟಕಗಳಿವೆ, ಅಂದರೆ ಹೋಲಿಸಿ ನೋಡಿ ನಿಲ್ಲಿಸುವ ಘಟಕಗಳು. ಎರಡೇ. ಬ್ರೇಕ್‌ಪಾಯಿಂಟ್‌ಗಾಗಿಯೇ ಮಾಡಿದ ಇನ್‌ಸ್ಟ್ರಕ್ಷನ್ ಆರ್ಮ್‌ಗೆ ಬಂದದ್ದು ಐದನೇ ಆವೃತ್ತಿಯಲ್ಲಿ, ಆರ್ಮ್7ಟಿಡಿಎಂಐ ನಾಲ್ಕನೆಯದ್ದು. ಹಾಗಾಗಿ ರ್‍ಯಾಮ್‌ನಲ್ಲಿ ಸಾಫ್ಟ್‌ವೇರ್ ಬ್ರೇಕ್‌ಪಾಯಿಂಟ್ ಬೇಕು ಅಂದರೆ ಒಂದು ವಿಚಿತ್ರ ಬಿಟ್ ಜೋಡಣೆ ಬರೆದು, ಅದು ಕಂಡಾಗ ನಿಲ್ಲು ಅಂತ ಆ ಎರಡರಲ್ಲಿ ಒಂದು ಘಟಕಕ್ಕೆ ಹೇಳಿಡಬೇಕು. ಉಳಿಯೋದು ಒಂದು. ರಿಜಿಸ್ಟರ್ ಓದುವ ರೀತಿಯಂತೂ ಕೇಳಲೇಬೇಡಿ. ಪ್ರಾಸೆಸರ್ ನಿಂತ ಮೇಲೆ ನಾವು ಜೆಟ್ಯಾಗ್ ಮೂಲಕ ಒಂದೊಂದೇ ಬಿಟ್ ತಳ್ಳಿ, ಅದರ ಪೈಪ್‌ಲೈನ್‌ಗೆ (ಇನ್‌ಸ್ಟ್ರಕ್ಷನ್‌ಗಳ ಸರದಿ ಸಾಲಿಗೆ) ನಮ್ಮದೊಂದು ಸ್ಟೋರ್ ಇನ್‌ಸ್ಟ್ರಕ್ಷನ್ ತುರುಕುತ್ತೇವೆ. ಅದು ಮೆಮೊರಿಗೆ ಬರೀತಾ ಇದ್ದೀನಿ ಅಂದುಕೊಂಡು ರಿಜಿಸ್ಟರ್ ಬೆಲೆಯನ್ನು ಬಸ್ ಮೇಲೆ ಹಾಕುತ್ತದೆ, ನಾವು ಅದನ್ನು ನಡುವಲ್ಲೇ ಹಿಡಿದುಕೊಳ್ಳುತ್ತೇವೆ. ಚಿಪ್ ಥಂಬ್ ಅನ್ನೋ ಚಿಕ್ಕ ಇನ್‌ಸ್ಟ್ರಕ್ಷನ್‌ಗಳ ಮೋಡ್‌ನಲ್ಲಿ ನಿಂತಿದ್ದರೆ ಮೊದಲು ಆರ್ಮ್ ಮೋಡ್‌ಗೆ ತರಬೇಕು, ಕೆಲಸ ಮುಗಿದ ಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ವಾಪಸ್ ಬಿಡಬೇಕು.

ಇದನ್ನೆಲ್ಲ ಯೋಚಿಸಿದವರ ತಲೆಗೆ ನಮಸ್ಕಾರ. ಆದರೆ ನಮ್ಮ ಲೆಕ್ಕಕ್ಕೆ ಇದರ ಅರ್ಥ ಏನು? ಆರ್ಮ್7ಗೆ ಇರುವ ಕೋಡ್ ಪೂರ್ತಿ ಬೇರೆ. ಕಾರ್ಟೆಕ್ಸ್-ಎಂ ಕೋಡ್ ರಿಪೇರಿ ಆದರೆ ಅದರಿಂದ ಇದಕ್ಕೆ ನಯಾಪೈಸೆ ಲಾಭ ಇಲ್ಲ. ಕೆಳಗಿನ ಜೆಟ್ಯಾಗ್ ಪದರ ಮುಟ್ಟಿದರೆ ಮಾತ್ರ ಎರಡೂ ಒಟ್ಟಿಗೆ ಕೆಡಬಹುದು.

ಕೆಡುವ ರೀತಿ ಕೂಡ ಮುಖ್ಯ. ಎಲ್‌ಪಿಸಿ2148ರಲ್ಲಿ ಇರೋದು ಆರ್ಮ್7ಟಿಡಿಎಂಐ-ಎಸ್. ಅದರಲ್ಲಿ ಜೆಟ್ಯಾಗ್ ಗಡಿಯಾರ ಪ್ರಾಸೆಸರ್ ಗಡಿಯಾರದ ಆರನೇ ಒಂದು ಭಾಗ ಮೀರಬಾರದು. ಬೋರ್ಡ್ ಮೇಲೆ 12 ಮೆಗಾಹರ್ಟ್ಜ್ ಕ್ರಿಸ್ಟಲ್ ಇದ್ದು, ಪಿಎಲ್‌ಎಲ್ (ಗಡಿಯಾರದ ವೇಗ ಹೆಚ್ಚಿಸುವ ಸರ್ಕ್ಯೂಟ್) ಇನ್ನೂ ಆನ್ ಆಗಿಲ್ಲದಿದ್ದರೆ, 2 ಮೆಗಾಹರ್ಟ್ಜ್‌ಗಿಂತ ಜೋರಾಗಿ ಓಡಿಸುವಂತಿಲ್ಲ. ಓಡಿಸಿದರೆ ಎರರ್ ಬರಬೇಕಿತ್ತು, ಅಲ್ವಾ? ಯಾವಾಗಲೂ ಬರಲ್ಲ. ಒಮ್ಮೊಮ್ಮೆ ಬೆಲೆಗಳು ಬರುತ್ತವೆ, ನೋಡೋಕೆ ನಂಬುವಂಥ ಬೆಲೆಗಳೇ, ಆದರೆ ಒಂದೆರಡು ಬಿಟ್ ತಪ್ಪು. ಬಳಸುವವನು ತನ್ನ ಪ್ರೋಗ್ರಾಂನಲ್ಲೇ ದೋಷ ಇದೆ ಅಂದುಕೊಂಡು ಇಲ್ಲದ ದೋಷ ಹುಡುಕುತ್ತಾ ಕೂರುತ್ತಾನೆ. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್‌ನಲ್ಲಿ ತಕ್ಕಡಿ ಪೂರ್ತಿ ಕೆಟ್ಟುಹೋದರೆ ಇನ್ನೊಂದು ತರುತ್ತಾರೆ, ನಷ್ಟ ಆಗೋದು ಕೆಟ್ಟಿರೋದು ಗೊತ್ತಾಗದೆ ಅದರಲ್ಲೇ ತೂಗಿದಾಗ.

ಹೀಗಾಗಿ ನಾನು ಎರಡು ವಿಷಯ ಹಿಡಿದು ಕೂತೆ. ಒಂದು, ಬೋರ್ಡ್ ಮೇಜಿನ ಮೇಲೆ ಇಲ್ಲದ ಚಿಪ್‌ಗೆ ಸಪೋರ್ಟ್ ಇದೆ ಅಂತ ನಾವು ಬರೆಯಬಾರದು. ಚಿಪ್ 1980ರದ್ದಾಗಿರಲಿ 2020ರದ್ದಾಗಿರಲಿ. ನಮ್ಮಲ್ಲಿ ಯಾರದ್ದಾದರೂ ಮನೆಯಲ್ಲಿ ಆ ಬೋರ್ಡ್ ವೈರ್ ಸಮೇತ ಕೂತಿರಬೇಕು, ಕೋಡ್ ಬದಲಾದಾಗಲೆಲ್ಲ ಟೆಸ್ಟ್ ಅದರ ಮೇಲೆ ಓಡಬೇಕು.

ಕ್ಯೂಇಎಂಯು ಇದೆಯಲ್ಲ, ಸುಮ್ನೆ ಅದರಲ್ಲಿ ಓಡಿಸಿ ನೋಡಬಹುದಲ್ಲ ಅಂತ ನಮ್ಮಲ್ಲೇ ಒಬ್ಬರು ಕೇಳಿದರು. ಕ್ಯೂಇಎಂಯು ಒಳ್ಳೇ ಎಮ್ಯುಲೇಟರ್, ಅಂದರೆ ಬೇರೆ ಚಿಪ್‌ನ ಹಾಗೆ ನಟಿಸುವ ಪ್ರೋಗ್ರಾಂ, ನಮ್ಮ ಪರದೆ ಭಾಗವನ್ನೆಲ್ಲ ಅದರಲ್ಲೇ ಟೆಸ್ಟ್ ಮಾಡುತ್ತೇವೆ. ಕಾರ್ಟೆಕ್ಸ್-ಎಂ ಬೋರ್ಡ್‌ಗಳು ಅದರಲ್ಲಿವೆ, 2020ರಿಂದ ಎವಿಆರ್ ಕೂಡ ಇದೆ. ಆದರೆ ಅದು ಪ್ರಾಸೆಸರ್‌ನ ಇನ್‌ಸ್ಟ್ರಕ್ಷನ್‌ಗಳನ್ನು ನಟಿಸುತ್ತದೆಯೇ ಹೊರತು ಚಿಪ್ ಒಳಗಿನ ಡಿಬಗ್ ಸರ್ಕ್ಯೂಟನ್ನಲ್ಲ. ಜಿಡಿಬಿಗೆ ಉತ್ತರ ಕೊಡೋದು ಕ್ಯೂಇಎಂಯುವಿನ ಸ್ವಂತ ಸರ್ವರ್. ಜೆಟ್ಯಾಗ್ ತಂತಿ ಇಲ್ಲ, ಗಡಿಯಾರದ ಮಿತಿ ಇಲ್ಲ, ಎರಡೇ ವಾಚ್‌ಪಾಯಿಂಟ್ ಅನ್ನುವ ಬಡತನ ಇಲ್ಲ. ಕೆಡುವ ಜಾಗವನ್ನೇ ಬಿಟ್ಟು ಉಳಿದದ್ದನ್ನು ಪರೀಕ್ಷೆ ಮಾಡಿ ಪಾಸ್ ಅಂದ ಹಾಗಾಗುತ್ತದೆ.

ಇನ್ನೊಂದು ವಿಷಯ ನನಗೆ ಮೊದಲನೆಯದಕ್ಕಿಂತ ಮುಖ್ಯ. ಹಳೇ ಹಾರ್ಡ್‌ವೇರ್ ಅಂತ ನಾವು ಒಂದೇ ಬಾಯಲ್ಲಿ ಹೇಳುತ್ತೇವೆ, ಆದರೆ ಅದರಲ್ಲಿ ಎರಡು ಬಗೆ ಇದೆ. ಡಿಬಗ್ಗರ್ ಓಡುವ ಯಂತ್ರ ಒಂದು, ಡಿಬಗ್ಗರ್ ನೋಡುವ ಯಂತ್ರ ಇನ್ನೊಂದು. ಹೋಸ್ಟ್, ಟಾರ್ಗೆಟ್. ಹೋಸ್ಟ್ ಹಳೇದಾದರೆ ಬದಲಿಸಿಕೊಳ್ಳಬಹುದು, ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಸಿಗುತ್ತದೆ. ಟಾರ್ಗೆಟ್ ಬದಲಿಸೋಕಾಗಲ್ಲ, ಯಾಕೆಂದರೆ ರಿಪೇರಿ ಆಗಬೇಕಾಗಿರೋದೇ ಅದು. ನಮ್ಮ ಪಟ್ಟಿಯಲ್ಲಿ ಇವೆರಡೂ ಒಂದೇ ಸಾಲಿನಲ್ಲಿ ಕೂತಿದ್ದವು. ಬೇರೆ ಬೇರೆ ಮಾಡಿದ ಕೂಡಲೇ ಅರ್ಧ ಜಗಳ ಮುಗಿಯಿತು. ಹೋಸ್ಟ್ ವಿಷಯದಲ್ಲಿ ಕಟ್ಟುನಿಟ್ಟಾಗಿರೋಣ, ಟಾರ್ಗೆಟ್ ವಿಷಯದಲ್ಲಿ ಕೈ ಸಡಿಲ ಬಿಡೋಣ.

ಇವೆರಡೂ ಒಂದೇ ಯಂತ್ರವಾಗಿರುವ ಡಿಬಗ್ಗರ್‌ಗಳ ಕಥೆ ಬೇರೆ. ಮೊಜಿಲ್ಲಾದಲ್ಲಿ ಫೈರ್‌ಫಾಕ್ಸ್‌ಗಾಗಿ ಹುಟ್ಟಿದ ಆರ್‌ಆರ್ ಅನ್ನೋ ಡಿಬಗ್ಗರ್ ನೋಡಿ. ಪ್ರೋಗ್ರಾಂ ಓಡಿದ್ದನ್ನು ದಾಖಲಿಸಿಕೊಂಡು, ಆಮೇಲೆ ಅದನ್ನೇ ಯಥಾವತ್ತಾಗಿ ಮತ್ತೆ ಓಡಿಸುತ್ತದೆ, ಹಿಂದಕ್ಕೂ ಹೋಗಬಹುದು. ಯಾವ ಕ್ಷಣದಲ್ಲಿ ಏನಾಯಿತು ಅಂತ ಗುರುತಿಟ್ಟುಕೊಳ್ಳೋಕೆ ಅದು ಪ್ರಾಸೆಸರ್ ಒಳಗಿನ ಕೌಂಟರ್ ನಂಬಿಕೊಂಡಿದೆ, ಎಷ್ಟು ಷರತ್ತಿನ ಬ್ರಾಂಚ್‌ಗಳು (ಹೀಗಿದ್ದರೆ ಅಲ್ಲಿಗೆ ಹೋಗು ಅನ್ನುವ ಇನ್‌ಸ್ಟ್ರಕ್ಷನ್‌ಗಳು) ಮುಗಿದವು ಅನ್ನುವ ಲೆಕ್ಕ. ಆ ಲೆಕ್ಕ ಒಂದೂ ಹೆಚ್ಚುಕಮ್ಮಿ ಆಗುವಂತಿಲ್ಲ. ಇಂಟೆಲ್‌ನ ನೆಹೇಲಂ ಮತ್ತು ಅದರ ನಂತರದವುಗಳಲ್ಲಿ ಸರಿ ಬರುತ್ತದೆ, ಅದಕ್ಕೂ ಹಿಂದಿನ ಕೋರ್ 2 ಕಾಲದವುಗಳಿಗೆ ಸಪೋರ್ಟ್ ಇಲ್ಲ. ಎಎಂಡಿಯ ಜೆನ್‌ನಲ್ಲಿ ಚಿಪ್‌ನ ಒಂದು ವೇಗ ಹೆಚ್ಚಿಸುವ ಸೌಲಭ್ಯ ಆಫ್ ಮಾಡಬೇಕಾಯಿತು. ಆರ್ಮ್ 64 ಬಿಟ್‌ನಲ್ಲಿ ಹಳೇ ರೀತಿಯ ಅಟಾಮಿಕ್ ಇನ್‌ಸ್ಟ್ರಕ್ಷನ್‌ಗಳು (ನಡುವೆ ಬೇರೆ ಯಾರೂ ತಲೆಹಾಕದ ಹಾಗೆ ಮೆಮೊರಿ ಬದಲಿಸುವವು) ಅದಕ್ಕೆ ಆಗಿಬರಲ್ಲ, ಆರ್ಮ್‌ನ 8.1ನೇ ಆವೃತ್ತಿಯಲ್ಲಿ ಬಂದ ಹೊಸ ರೀತಿಯವು ಬೇಕು. ಇಲ್ಲಿ ಕರುಣೆಗೆ ಜಾಗವೇ ಇಲ್ಲ, ಸಿಲಿಕಾನ್ ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮಗೆ ಆ ಭಾಗ್ಯ ಇಲ್ಲ, ನಾವೇ ಕೂತು ತೀರ್ಮಾನ ಮಾಡಬೇಕು.

ಮೊದಲು ಹೊರಟದ್ದು ಪ್ರಿಂಟರ್ ಪೋರ್ಟ್ ಕೇಬಲ್. ಒಂದು ಕಾಲಕ್ಕೆ ಬೆಂಗಳೂರಿನ ಎಸ್‌ಪಿ ರೋಡಿನಿಂದ ಬಿಡಿಭಾಗ ತಂದು ಮನೆಯಲ್ಲೇ ಕಟ್ಟಿಕೊಳ್ಳಬಹುದಾಗಿದ್ದ ಕೇಬಲ್ ಅದು, ನಾನೂ ಕಟ್ಟಿದ್ದೆ. ಈಗ ಆ ಪೋರ್ಟ್ ಇರುವ ಲ್ಯಾಪ್‌ಟಾಪ್ ಎಲ್ಲಿದೆ? ಯುಎಸ್‌ಬಿಯಿಂದ ಪ್ರಿಂಟರ್ ಪೋರ್ಟ್ ಮಾಡಿಕೊಡುವ ಕನ್ವರ್ಟರ್‌ಗಳು ಪ್ರಿಂಟರ್‌ಗೆ ಸರಿ, ಪಿನ್‌ಗಳನ್ನು ನೇರವಾಗಿ ಕುಣಿಸುವ ಜೆಟ್ಯಾಗ್‌ಗೆ ನಡೆಯಲ್ಲ. ಎಫ್‌ಟಿ2232 ಚಿಪ್ ಇರುವ ಯುಎಸ್‌ಬಿ ಬೋರ್ಡ್ ಅದೇ ಕೆಲಸವನ್ನು ಜೋರಾಗಿ ಮಾಡುತ್ತದೆ. ಯಾರೂ ಅಳಲಿಲ್ಲ.

8051 ಸಪೋರ್ಟ್ ಅಂದರೆ ನಮ್ಮಲ್ಲಿದ್ದದ್ದು ಸಿಮ್ಯುಲೇಟರ್ ಮಾತ್ರ. ಎಟಿ89ಎಸ್52 ರೀತಿಯ ಹಳೇ ಚಿಪ್‌ಗಳ ಒಳಗೆ ಡಿಬಗ್ ಸರ್ಕ್ಯೂಟೇ ಇಲ್ಲ, ಇಣುಕೋಕೆ ಕಿಟಕಿಯೇ ಇಟ್ಟಿಲ್ಲ. ಅದನ್ನು ಹಾರ್ಡ್‌ವೇರ್ ಪಟ್ಟಿಯಿಂದ ತೆಗೆದು ಸಿಮ್ಯುಲೇಟರ್ ಅಂತಲೇ ಬೇರೆ ಹಾಕಿದೆವು. ಸಿಮ್ಯುಲೇಟರ್ ಹಳೇದಾಗಲ್ಲ, ಮುರಿಯೋದೂ ಕಮ್ಮಿ.

ಎವಿಆರ್ ಬಗ್ಗೆ ಮಾತ್ರ ತುಂಬಾ ಮಾತಾಯಿತು. ಎಟಿಮೆಗಾ328ಪಿ ಅಂದರೆ ಆರ್ಡುಯಿನೋ ಉನೋ ಅನ್ನೋ ಕಲಿಕೆಯ ಬೋರ್ಡಿನಲ್ಲಿರುವ ಚಿಪ್, ಕಾಲೇಜಿನ ಮಕ್ಕಳೆಲ್ಲರ ಕೈಯಲ್ಲೂ ಇದೆ, ಸ್ಟಾರ್ಟರ್ ಡಬ್ಬಿಯಲ್ಲೂ ಇದೆ. ಅದನ್ನು ಡಿಬಗ್ ಮಾಡೋದು ರಿಸೆಟ್ ಪಿನ್ ಒಂದರಲ್ಲೇ, ಡಿಬಗ್‌ವೈರ್ ಅನ್ನುವ ಒಂಟಿ ತಂತಿಯ ಪದ್ಧತಿಯಲ್ಲಿ. ಆ ಪದ್ಧತಿಯ ವಿವರವನ್ನು ಚಿಪ್ ಮಾಡಿದ ಅಟ್ಮೆಲ್ ಕಂಪನಿ ಬಿಚ್ಚಿ ಹೇಳಲಿಲ್ಲ. ಹವ್ಯಾಸಿಗಳು ತಂತಿ ಮೇಲೆ ಹೋಗುವ ಸಿಗ್ನಲ್ ನೋಡಿ ನೋಡಿ ಅರ್ಥ ಮಾಡಿಕೊಂಡರು. ಒಂದು ಫ್ಯೂಸ್ ಬಿಟ್, ಅಂದರೆ ಚಿಪ್‌ನ ಒಂದು ಸೆಟ್ಟಿಂಗ್, ಬದಲಿಸಿದರೆ ಡಿಬಗ್‌ವೈರ್ ಆನ್ ಆಗುತ್ತದೆ, ಆನ್ ಆದ ಮೇಲೆ ಮಾಮೂಲಿ ಪ್ರೋಗ್ರಾಮರ್ ಕೆಲಸ ಮಾಡಲ್ಲ. ಹುಡುಗರು ಚಿಪ್ ಸತ್ತಿತು ಅಂದುಕೊಳ್ಳುತ್ತಾರೆ. ಸತ್ತಿರಲ್ಲ, ಡಿಬಗ್‌ವೈರ್ ಒಳಗಿಂದಲೇ ಅದನ್ನು ಆಫ್ ಮಾಡು ಅಂತ ಹೇಳಬೇಕು. ಉನೋ ಬೋರ್ಡಿನಲ್ಲಂತೂ ರಿಸೆಟ್ ಲೈನ್ ಮೇಲೆ ಆಟೋ ರಿಸೆಟ್‌ಗೆ ಅಂತ ಒಂದು ಕೆಪಾಸಿಟರ್ ಕೂತಿದೆ, ಬೋರ್ಡ್ ಮೇಲಿನ ಒಂದು ಸಣ್ಣ ತಾಮ್ರದ ಗೆರೆ ಕತ್ತರಿಸದೆ ಸಿಗ್ನಲ್ ಹೋಗಲ್ಲ. ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್ ಒಂದೇ ಒಂದು. ಅದಕ್ಕಿಂತ ಜಾಸ್ತಿ ಬೇಕಾದರೆ ಫ್ಲ್ಯಾಶ್‌ನ ಆ ಪುಟವನ್ನೇ ಮತ್ತೆ ಬರೆಯಬೇಕು. ಆ ಫ್ಲ್ಯಾಶ್‌ಗೆ ತಯಾರಕರು ಕೊಡುವ ಭರವಸೆ 10,000 ಸಲ ಬರೆಯೋಕೆ. ಒಬ್ಬ ಹುಡುಗ ಬ್ರೇಕ್‌ಪಾಯಿಂಟ್ ಹಾಕೋದು ತೆಗೆಯೋದು ಮಾಡಿ ಅಷ್ಟು ಮುಟ್ಟೋಕೆ ಟೈಮ್ ಬೇಕು, ಆದರೆ ನಮ್ಮ ಟೆಸ್ಟ್ ದಿನಾ ರಾತ್ರಿ ಓಡಿದರೆ ಬೋರ್ಡ್ ನಿಧಾನವಾಗಿ ಸವೆಯುತ್ತದೆ. ಅದಕ್ಕೇ ಎವಿಆರ್ ಟೆಸ್ಟ್ ಮಾತ್ರ ರಿಲೀಸ್‌ಗೆ ಮುಂಚೆ ಓಡಿಸೋದು ಅಂತ ಮಾಡಿಕೊಂಡಿದ್ದೇವೆ.

ಇಷ್ಟೆಲ್ಲ ತಲೆನೋವು ಇದ್ದೂ ಎವಿಆರ್ ಉಳಿಯಿತು. ಬೋರ್ಡ್ ನನ್ನ ಮೇಜಿನ ಮೇಲಿದೆ, ಬಳಸುವವರು ಕಣ್ಣೆದುರಿಗಿದ್ದಾರೆ.

ಆರ್ಮ್7 ಕೂಡ ಉಳಿಯಿತು. ನಾನೊಬ್ಬನೇ ಹಟ ಹಿಡಿದಿದ್ದರೆ ಉಳಿಯುತ್ತಿರಲಿಲ್ಲ. ವಿಟಿಯು ಸಿಲಬಸ್‌ನಲ್ಲಿ ಎಲ್‌ಪಿಸಿ2148 ವರ್ಷಗಟ್ಟಲೆ ಇತ್ತು, ಹಾಗಾಗಿ ನಮ್ಮ ಕಡೆ ಇಂಜಿನಿಯರಿಂಗ್ ಲ್ಯಾಬ್‌ಗಳ ಕಪಾಟಿನಲ್ಲಿ ಈ ಬೋರ್ಡ್‌ಗಳು ಸಾಲಾಗಿ ಕೂತಿವೆ. ಒಬ್ಬ ಲ್ಯಾಬ್ ಮೇಷ್ಟ್ರು ಎರಡು ಬೋರ್ಡ್ ಕೊಟ್ಟು, ಏನಾದರೂ ಕೆಟ್ಟರೆ ನಾನೂ ಕೂತು ನೋಡುತ್ತೇನೆ ಅಂದರು. ಆ ಮಾತಿನ ಬೆಲೆ ಸಾವಿರ ಡೌನ್‌ಲೋಡ್‌ಗಿಂತ ಜಾಸ್ತಿ. ಬೋರ್ಡ್‌ಗಳನ್ನು ಒಂದು ರಾಸ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಿಗೆ ಸಿಕ್ಕಿಸಿ ಅಲಮಾರಿ ಮೇಲೆ ಇಟ್ಟಿದ್ದೇನೆ, ಕರೆಂಟ್ ಹೋದರೂ ನಡೆಯಲಿ ಅಂತ ಯುಪಿಎಸ್ ಕೊಟ್ಟಿದ್ದೇನೆ.

ಆರ್ಮ್7 ಉಳಿಸಿಕೊಂಡಾಗ ಒಂದು ಕೆಲಸ ಹೊಸದಾಗಿ ಸೇರಿತು, ಅದು ಪೂರ್ತಿ ರಿಪೇರಿ ಅಣ್ಣನಿಗಾಗಿ. ಎಲ್‌ಪಿಸಿ2148ರಲ್ಲಿ ಒಂದು ಗೊತ್ತಾದ ವಿಳಾಸದಲ್ಲಿ ಹೆಕ್ಸ್ 87654321 ಬರೆದಿಟ್ಟರೆ ಕೋಡ್ ಕಾಪಾಡುವ ಬೀಗ ಬೀಳುತ್ತದೆ, ಜೆಟ್ಯಾಗ್ ಬಂದ್. ಮಾರುವ ಮೆಷಿನ್‌ನಲ್ಲಿ ಇಂಥ ಬೀಗ ಇರೋದು ಮಾಮೂಲು. ಇಷ್ಟು ದಿನ ನಮ್ಮ ಪ್ರೋಗ್ರಾಂ ಅಂಥ ಚಿಪ್ ಕಂಡರೆ "ಚಿಪ್ ಸಿಗಲಿಲ್ಲ" ಅನ್ನುತ್ತಿತ್ತು. ಅಣ್ಣ ಬೆಸುಗೆ ಬಿಟ್ಟಿದೆ ಅಂದುಕೊಂಡು ಕಾಲು ಕಾಲಿಗೂ ಮತ್ತೆ ಬೆಸುಗೆ ಹಾಕುತ್ತಿದ್ದರು. ಈಗ "ಬೀಗ ಬಿದ್ದಿರಬಹುದು, ಸೀರಿಯಲ್ ಪೋರ್ಟ್‌ನಿಂದ ಪೂರ್ತಿ ಅಳಿಸಿದರೆ ಮಾತ್ರ ತೆಗೆಯುತ್ತದೆ, ಅಳಿಸಿದರೆ ಒಳಗಿನ ಪ್ರೋಗ್ರಾಂ ಹೋಗುತ್ತದೆ" ಅಂತ ಕನ್ನಡದಲ್ಲೇ ಹೇಳುತ್ತದೆ.

ಇನ್ನು ಹೋಸ್ಟ್. 32 ಬಿಟ್ ಪಿಸಿಗಳ ಮೇಲೆ ನಮ್ಮ ಪರದೆ ಓಡಿಸುವುದನ್ನು ನಿಲ್ಲಿಸಿದೆವು. ಇದಕ್ಕೆ ಗೊಣಗಾಟ ಬಂತು, ಲ್ಯಾಬ್‌ಗಳಲ್ಲಿ ಇನ್ನೂ ಅಂಥ ಪಿಸಿಗಳಿವೆ. ಆದರೆ ವಿಂಡೋಸ್ 11ಕ್ಕೆ 32 ಬಿಟ್ ರೂಪವೇ ಇಲ್ಲ, ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಅದೇ ವರ್ಷ ಬಂದ ಡೆಬಿಯನ್ 13 ಕೂಡ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಕೊಡೋದು ಬಿಟ್ಟಿತು. ಕೆಳಗಿನ ನೆಲವೇ ಸರಿದು ಹೋಗುತ್ತಿರುವಾಗ ನಾವು ಮೇಲೆ ಮಾಳಿಗೆ ಕಟ್ಟೋದರಲ್ಲಿ ಅರ್ಥ ಇಲ್ಲ.

ಲ್ಯಾಬ್‌ನವರಿಗೆ ಒಂದು ದಾರಿ ಮಾಡಿಕೊಟ್ಟಿದ್ದೇವೆ. ಜಿಡಿಬಿ ದೂರದ ಚಿಪ್ ಜೊತೆ ಮಾತಾಡುವ ಪ್ರೋಟೋಕಾಲ್ ತುಂಬಾ ಸರಳ. ಡಾಲರ್ ಗುರುತಿನಿಂದ ಶುರು, ಮಾತು, ಹ್ಯಾಷ್ ಗುರುತು, ಎರಡು ಹೆಕ್ಸ್ ಅಂಕಿಯ ಚೆಕ್‌ಸಮ್ (ಮಾತು ತಪ್ಪಿಲ್ಲದೆ ಬಂತಾ ಅಂತ ನೋಡುವ ಮೊತ್ತ). ಹಳೇ ಸರ್ವರ್ ಹೊಸ ಜಿಡಿಬಿ ಜೊತೆ ಸಲೀಸಾಗಿ ಮಾತಾಡುತ್ತದೆ. ನಮ್ಮ ಸರ್ವರ್ ಪೂರ್ತಿ ಸಿ ಭಾಷೆಯ ಸಣ್ಣ ಪ್ರೋಗ್ರಾಂ. ಅದನ್ನು ಮಾತ್ರ 32 ಬಿಟ್‌ಗೂ ಕಟ್ಟಿ ಕೊಡುತ್ತೇವೆ. ಹಳೇ ಪಿಸಿಗೆ ಬೋರ್ಡ್ ಸಿಕ್ಕಿಸಿ ಸರ್ವರ್ ಓಡಿಸಿ, ಪರದೆಯನ್ನು ಪಕ್ಕದ 64 ಬಿಟ್ ಲ್ಯಾಪ್‌ಟಾಪಿನಲ್ಲಿ ತೆರೆಯಿರಿ. ಮೇಷ್ಟ್ರು ನೋಡಿ, ಪರವಾಗಿಲ್ಲ, ನಡೆಯುತ್ತದೆ ಅಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ತೆಗೆಯುವ ಕ್ರಮದಲ್ಲಿ ನಾವು ಹೊಸದೇನೂ ಕಂಡುಹಿಡಿಯಲಿಲ್ಲ, ಜಿಡಿಬಿಯವರ ಹಳೇ ಪದ್ಧತಿಯನ್ನೇ ಎತ್ತಿಕೊಂಡೆವು. ಒಂದು ರಿಲೀಸ್‌ನಲ್ಲಿ ಇದು ಹೋಗಲಿದೆ ಅಂತ ಗುರುತು ಹಾಕೋದು, ಯಾರೂ ಕೈ ಎತ್ತದಿದ್ದರೆ ಮುಂದಿನದ್ದರಲ್ಲಿ ಅಳಿಸೋದು. ಲಿನಕ್ಸ್ ಕರ್ನಲ್‌ನವರೂ ಬೇಜಾರು ಮಾಡಿಕೊಳ್ಳದೆ ತೆಗೆಯುತ್ತಾರೆ. ಲಿನಕ್ಸ್ ಹುಟ್ಟಿದ್ದೇ 386ರ ಮೇಲೆ, ಆದರೂ 2013ರ 3.8ರಲ್ಲಿ 386 ಸಪೋರ್ಟ್ ತೆಗೆದರು. 2018ರಲ್ಲಿ 4.17ರಲ್ಲಿ ಬ್ಲ್ಯಾಕ್‌ಫಿನ್, ಟೈಲ್ ಸೇರಿ ಎಂಟು ಆರ್ಕಿಟೆಕ್ಚರ್‌ಗಳು, ಅಂದರೆ ಚಿಪ್ ಜಾತಿಗಳು, ಒಟ್ಟಿಗೇ ಹೋದವು. ಇಂಟೆಲ್‌ನ ಇಟೇನಿಯಂ 2024ರ ಜನವರಿಯಲ್ಲಿ ಬಂದ 6.7ರಲ್ಲಿ ಹೋಯಿತು. ಅಳಿಸಿದ ಕೋಡ್ ಎಲ್ಲೂ ಹೋಗಲ್ಲ, ಹಳೇ ಆವೃತ್ತಿಗಳನ್ನೆಲ್ಲ ಕಾಪಾಡುವ ಗಿಟ್‌ನಲ್ಲಿ ಇರುತ್ತದೆ. ಬೇಕಾದವನು ತೆಗೆದುಕೊಂಡು ಬೋರ್ಡ್ ಸಮೇತ ಬಂದರೆ ಮತ್ತೆ ಸೇರಿಸೋಕೆ ನನ್ನ ಅಭ್ಯಂತರ ಇಲ್ಲ.

ಬಾಕಿ ಉಳಿದಿರೋದು ಮಿಪ್ಸ್. ಒಂದು ಕಾಲದಲ್ಲಿ ಮನೆ ಮನೆಯ ವೈಫೈ ರೂಟರ್‌ಗಳಲ್ಲಿ ಇದೇ ಇತ್ತು. ಮಿಪ್ಸ್ ಕಂಪನಿಯೇ 2021ರಲ್ಲಿ ಇನ್ನು ಮುಂದೆ ರಿಸ್ಕ್-5 (ಇನ್ನೊಂದು ಚಿಪ್ ವಿನ್ಯಾಸ) ಅಂತ ಹೇಳಿ ದಾರಿ ಬದಲಿಸಿತು. ನಮ್ಮಲ್ಲಿ ಯಾರ ಮೇಜಿನ ಮೇಲೂ ಓಡುವ ಮಿಪ್ಸ್ ಬೋರ್ಡ್ ಇಲ್ಲ, ಹಾಗಾಗಿ ಈ ರಿಲೀಸ್‌ನಲ್ಲಿ ಗುರುತು ಬಿದ್ದಿದೆ. ನನ್ನ ಅಟ್ಟದ ಮೇಲೆ ಒಂದು ಹಳೇ ರೂಟರ್ ಇದೆ, ಒಳಗೆ ಜೆಟ್ಯಾಗ್‌ಗೆ ಜಾಗವೂ ಇದೆ, ಆದರೆ ಪಿನ್ ಬೆಸುಗೆ ಹಾಕಿಲ್ಲ, ಹಾಕುವ ತಾಳ್ಮೆ ನನಗಿಲ್ಲ. ನಿಮಗಿದ್ದರೆ ಹೇಳಿ. ಚಿಕ್ಕಬಳ್ಳಾಪುರ ಬಸ್‌ಸ್ಟ್ಯಾಂಡಿಗೆ ಬಂದು ಕೊಡುತ್ತೇನೆ, ಅಡಾಪ್ಟರ್ ಮಾತ್ರ ನೀವೇ ನೋಡಿಕೊಳ್ಳಬೇಕು.